ಬಲಗೈಯ ತಾಳ

"ಇದು ಯಾರ ಕೈ? ಹೇಳು!"

ಲಿಫ್ಟಿನ ಬಳಿ ಪಕ್ಕದ ಮನೆಯ ಯತಿನ್ ಮೊಬೈಲನ್ನು ಪ್ರಣೀತಾಳ ಮೂಗಿನ ಮುಂದೆ ಹಿಡಿದ. ಅದರಲ್ಲಿ ಕಳೆದ ಶನಿವಾರದ ಭಜನೆ. ನಡುವೆ ಕೂತ ಪಪ್ಪ. ಎರಡೂ ಕೈಯಲ್ಲಿ ತಾಳ.

"ಪಪ್ಪಂದು."

"ಬಲಗೈ ಆಗಲ್ಲ ಅಂತ ಕೋರ್ಟಲ್ಲಿ ಕೇಸ್ ಹಾಕಿದಾರಲ್ಲ? ಫುಲ್ ಆ್ಯಕ್ಟಿಂಗ್ ಮಾರಾಯ್ತಿ!"

"ಸುಮ್ನಿರು!" ಎಂದವಳು, ಮೊಬೈಲಿನತ್ತ ಬಗ್ಗಿ, "ಇನ್ನೊಮ್ಮೆ ತೋರಿಸು" ಎಂದಳು.

ಪಪ್ಪ ಮುಂಬಯಿ ಬಳಿಯ ಡೊಂಬಿವಲಿಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಲಸಿಕೆ ಹಾಕಿಸಿಕೊಂಡ ಮೇಲೆ ಬಲಗೈ ಸೋತುಹೋಯಿತು. ಸೂಜಿ ನರಕ್ಕೆ ತಾಗಿರಬೇಕು ಎಂದರು ಒಬ್ಬ ಡಾಕ್ಟರು. ಅಲ್ಲವೇ ಅಲ್ಲ ಎಂದರು ಆಸ್ಪತ್ರೆಯವರು. ಪಪ್ಪ ಪರಿಹಾರ ಕೇಳಿ ಥಾಣೆ ನಗರದ ಕೋರ್ಟಿನಲ್ಲಿ ಕೇಸ್ ಹಾಕಿದರು. ಕೈ ಸರಿಯಾಗಿಯೇ ಇದೆ, ಎಲ್ಲ ಸುಳ್ಳು ಎಂದು ಆಸ್ಪತ್ರೆಯ ವಕೀಲರು ವಾದಿಸುತ್ತಿದ್ದರು. ಸೋಮವಾರ ಮತ್ತೆ ಕೋರ್ಟು. ಈ ವಿಡಿಯೋ ಅವರಿಗೆ ಸಿಕ್ಕಿದರೆ?

ಅದಕ್ಕಿಂತಲೂ, ಯತಿನ್ ಹೇಳಿದ್ದು ನಿಜವೇ ಆಗಿದ್ದರೆ?

ಅಂದಿನಿಂದ ಪ್ರಣೀತಾ ಪಪ್ಪನನ್ನು ಕದ್ದು ನೋಡತೊಡಗಿದಳು. ಪಪ್ಪ ತಟ್ಟೆ ಹಿಡಿದು ಒಳಕೋಣೆಗೆ ಹೋಗಿ ಊಟ ಮಾಡುತ್ತಿದ್ದರು. ಬಾಗಿಲು ಯಾಕೆ ಮುಚ್ಚಬೇಕು? ಒಳಗೆ ಯಾವ ಕೈಯಲ್ಲಿ ಉಣ್ಣುತ್ತಾರೆ?

ಶನಿವಾರದ ಭಜನೆಗೆ ಅವಳು ಎಂದಿನಂತೆ ಹಿಂದಿನ ಸಾಲಿಗೆ ಹೋಗಲಿಲ್ಲ. ಪಪ್ಪನಿಗೆ ಅಂಟಿಕೊಂಡೇ ಕೂತಳು.

ಅಮ್ಮ ಬಂದು ತಾಳದ ದಾರವನ್ನು ಪಪ್ಪನ ಬಲಗೈ ಬೆರಳುಗಳಿಗೆ ಸುತ್ತತೊಡಗಿದಳು.

"ಗಟ್ಟಿ ಕಟ್ಟು ಮಾರಾಯ್ತಿ. ಹೋದ ವಾರ ಜಾರ್ತಾ ಇತ್ತು."

"ಮತ್ತೆ ಬಿಚ್ಲಿಕ್ಕೆ ಯಾರು, ನಿಮ್ಮ ವಕೀಲರು ಬರ್ತಾರಾ?"

ಪಪ್ಪ ನಕ್ಕರು. ಭಜನೆ ಶುರುವಾಯಿತು. ಬಲಗೈ ತೊಡೆಯ ಮೇಲೆ ಅಂಗಾತ ಮಲಗಿತ್ತು. ಎಡಗೈಯೊಂದೇ ಏಳುತ್ತಿತ್ತು, ಇಳಿಯುತ್ತಿತ್ತು. ಟಿಣ್ ಟಿಣ್. ಹಿಂದಿನ ಸಾಲಿನಿಂದ ಯತಿನ್ ತೆಗೆದ ವಿಡಿಯೋದಲ್ಲಿ ಇದು ಕಂಡೇ ಇರಲಿಲ್ಲ.

ಭಜನೆಯ ನಡುವೆ ಪ್ರಸಾದ ಸಿದ್ಧಮಾಡಲು ಅಮ್ಮ ಎದ್ದು ಹೋದಳು. ಆಗಲೇ ಗಂಟು ಸಡಿಲವಾಗಿ ಬಲಗೈಯ ತಾಳ ಚಾಪೆಯ ಮೇಲೆ ಬಿತ್ತು. ಪಪ್ಪ ಅಮ್ಮನನ್ನು ಹುಡುಕುತ್ತಾ ಅತ್ತಿತ್ತ ನೋಡಿದರು.

"ನಾನು ಕಟ್ತೇನೆ," ಎಂದಳು ಪ್ರಣೀತಾ.

ಬೆರಳುಗಳು ತಣ್ಣಗಿದ್ದವು. ಅವಳ ಕೈಯನ್ನು ಅವು ಹಿಡಿದುಕೊಳ್ಳಲಿಲ್ಲ. ಅವಳು ದಾರ ಸುತ್ತಿದಳು, ಎಳೆದಳು, ಇನ್ನೂ ಎಳೆದಳು. ದಾರ ಚರ್ಮದೊಳಗೆ ಇಳಿಯಿತು.

"ಅಯ್ಯೋ! ನೋಯ್ತಾ ಪಪ್ಪ?"

"ಗೊತ್ತಾಗುದಿಲ್ಲ ಮಗಾ," ಎಂದರು ಪಪ್ಪ, ಬೇರೆ ಕಡೆ ನೋಡುತ್ತಾ.

ಅವಳು ಗಂಟನ್ನು ಬಿಚ್ಚಿದಳು. ಈ ಸಲ ಮೆಲ್ಲಗೆ ಕಟ್ಟಿದಳು.

ಹಿಂದಿನ ಸಾಲಿನಲ್ಲಿ ಯತಿನ್ ಮತ್ತೆ ಮೊಬೈಲ್ ಎತ್ತಿ ಹಿಡಿದಿದ್ದ. ಪ್ರಣೀತಾ ಅವನನ್ನು ಕೈಬೀಸಿ ಕರೆದಳು. ಇಲ್ಲಿ ಬಾ, ಇನ್ನೂ ಹತ್ತಿರ.

ಪಪ್ಪನ ಬಲಗೈಗೆ ಅಡ್ಡವಾಗಿದ್ದ ತನ್ನ ಮೊಣಕಾಲನ್ನು ಪಕ್ಕಕ್ಕೆ ಸರಿಸಿಕೊಂಡಳು.