ಖಾಲಿ ಪಂಪಿನ ತಾಯಿ

"ಕುಣಿಯೋ ಡಾಕ್ಟ್ರು ನೀವೇನಾ?"

ಉಸಿರಿಗಾಗಿ ಒದ್ದಾಡುತ್ತಿದ್ದ ಮಗಳನ್ನು ಎತ್ತಿಕೊಂಡು ಒಳನುಗ್ಗಿದವಳ ಮೊದಲ ಮಾತೇ ಇದು!

ಮಕ್ಕಳ ಶ್ವಾಸಕೋಶದ ತಜ್ಞ ಪುಟ್ಟಿಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟ. "ಈಗ ಕುಣಿಯಲ್ಲ, ಹೆದರ್ಬೇಡಿ."

ಅವನ ರೀಲ್ಸ್ ನೋಡಿ ಅರ್ಧ ಊರಿನ ಅಪ್ಪ-ಅಮ್ಮಂದಿರು ಅವನನ್ನು ಮನೆಯ ಹುಡುಗನೆಂದುಕೊಂಡಿದ್ದರು. ಉಳಿದವರು, ಪಾಪ, ರೋಗಿಗಳಿಲ್ಲದೆ ಕುಣಿಯುತ್ತಾನೆ ಎನ್ನುತ್ತಿದ್ದರು. ಎರಡೂ ಪಂಗಡದವರು ಟೋಕನ್ ಹಿಡಿದು ಅವನ ಬಾಗಿಲಲ್ಲೇ ಕೂರುತ್ತಿದ್ದರು.

ಮಗುವಿನ ಉಸಿರು ಹದಕ್ಕೆ ಬಂದ ಮೇಲೆ ಅವನು ಇನ್ಹೇಲರ್ ಕೇಳಿ ಪಡೆದ. ಉಳಿದ ಡೋಸಿನ ಲೆಕ್ಕ ತೋರಿಸುವ ಹಿಂಬದಿಯ ಕಿಂಡಿಯಲ್ಲಿ ಸೊನ್ನೆ.

"ಇದ್ರಲ್ಲಿ ಔಷಧಿನೇ ಇಲ್ವಲ್ಲ!"

"ಬುಸ್ ಅಂತ… ಬರ್ತಿತ್ತಲ್ಲ…"

"ಬರೀ ಗಾಳಿ."

ಗಂಡ ತೀರಿಹೋದ ಮೇಲೆ ಅವಳಿಗಿದ್ದವಳು ಇವಳೊಬ್ಬಳೇ. ಇವಳಿಗೆ ನಾನು ಬರೀ ಗಾಳಿ ಊದುತ್ತ ಕೂತಿದ್ದೆನಾ?

ಅವನು ಬೈಯಲಿಲ್ಲ. ಅಲ್ಲೇ ಅವಳು ಮನಸೋತದ್ದು.

ಅವನೂ ಸೋತ, ಶಿಸ್ತಾಗಿ. ಪುಟ್ಟಿಯ ಚಿಕಿತ್ಸೆಯನ್ನು ಪಕ್ಕದ ಕೋಣೆಯ ಹಿರಿಯ ಡಾಕ್ಟರಮ್ಮನಿಗೆ ವಹಿಸಿದ ನಂತರವೇ ಅವಳನ್ನು ಕಾಫಿಗೆ ಕರೆದ. ಕಾಫಿ ಅಭ್ಯಾಸವಾಯಿತು. ಅವಳು ಮತ್ತೆ ನಗಲು ಕಲಿತಳು.

ಆಗ ಪುಟ್ಟಿಯ ಶಾಲೆಯ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಅವನ ಹೊಸ ವೀಡಿಯೋ ಬಂತು: 'ಖಾಲಿ ಪಂಪಿನ ತಾಯಿ'.

ತಲೆಗೆ ಟವೆಲ್ ಸುತ್ತಿ, ಇನ್ಹೇಲರ್ ಪಂಪು ಹಿಡಿದು, ತಾಯಿಯ ವೇಷದಲ್ಲಿ ಅವನು: "ಬುಸ್ ಅಂತ… ಬರ್ತಿತ್ತಲ್ಲ…"

ಅವಳದೇ ಮಾತು! ಅವಳದೇ ತೊದಲು!

ಕೆಳಗೆ ಯಾರೋ ಬರೆದಿದ್ದರು: 'ಇಂಥವಳಿಗೆ ಮಗು ಬೇರೆ ಕೇಡು!'

"ಪುಟ್ಟಿ ಅಮ್ಮ, ನೋಡಿದ್ರಾ? ಎಂಥೆಂಥಾ ಹೆಂಗಸ್ರಿರ್ತಾರಪ್ಪ!" ಎಂದಿತು ಗುಂಪು.

ಅವಳೂ ಒಂದು ನಗುವ ಮುಖ ಹಾಕಿದಳು. ಹಾಕದಿದ್ದರೆ ಗೊತ್ತಾಗಿಬಿಡುತ್ತಿತ್ತು.

"ಹೆಸರು ಹೇಳಿಲ್ಲ, ಮುಖ ತೋರಿಸಿಲ್ಲ… ಅಪ್ಪ-ಅಮ್ಮ ನೋಡಿ ಎಚ್ಚೆತ್ರೆ ಎಷ್ಟೋ ಮಕ್ಕಳು ಉಳೀತಾವೆ," ಎಂದ ಅವನು ಫೋನಿನಲ್ಲಿ.

"ಉಳೀಲಿ. ಮಾಡೋ ಮೊದ್ಲು ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

ಅಂದಿನಿಂದ ಅವನ ಕರೆಗಳಿಗೆ ಉತ್ತರವಿಲ್ಲ. ಕಾಫಿ ಅವಳಿಗೆ ಕಹಿಯಾಯಿತು, ಸಕ್ಕರೆ ಎಷ್ಟು ಹಾಕಿದರೂ.

ಕೆಲವು ತಿಂಗಳ ಮೇಲೆ, ಡಾಕ್ಟರಮ್ಮನ ಬಾಗಿಲ ಮುಂದೆ ಕಾಯುವಾಗ, ಪಕ್ಕದಲ್ಲಿ ಕೂಸನ್ನು ಮಲಗಿಸಿಕೊಂಡಿದ್ದ ತಂದೆಯೊಬ್ಬ ಮಾತಿಗಿಳಿದ.

"ಆ ಖಾಲಿ ಪಂಪಿನ ತಾಯಿ ವೀಡಿಯೋ ನೋಡಿರದಿದ್ರೆ ಇವನ ಪಂಪು ನಾನು ತಿರುಗಿಸಿ ನೋಡ್ತಾನೇ ಇರ್ಲಿಲ್ಲಮ್ಮ. ಪುಣ್ಯಾತ್ಗಿತ್ತಿ, ಎಲ್ಲಿದಾಳೋ!"

'ಇಲ್ಲೇ ಕೂತಿದಾಳೆ' ಎಂದುಕೊಂಡಳು. ಎದ್ದು ಹೋಗಿ ಪಕ್ಕದಲ್ಲಿದ್ದ ಕುಣಿಯೋ ಡಾಕ್ಟರ ಕೋಣೆಯ ಬಾಗಿಲು ತಳ್ಳಿದಳು.

ಅವನು ದಡಬಡಿಸಿ ಎದ್ದ. "ಅದನ್ನ ತೆಗೆದುಬಿಡ್ತೀನಿ. ಎಲ್ಲರೆದುರು ಕ್ಷಮೆ ಕೇಳಿ ಇನ್ನೊಂದು ವೀಡಿಯೋ…"

"ಫೋನ್ ಕೆಳಗಿಡಿ."

ಇಟ್ಟ.

"ಟವೆಲ್ ಇಲ್ದೆ, ನಗು ಇಲ್ದೆ ಮತ್ತೆ ಮಾಡಿ. ಮಕ್ಕಳು ಉಳೀಲಿ. ಕ್ಷಮೆ ಮಾತ್ರ ಇಲ್ಲಿ, ನನಗೊಬ್ಬಳಿಗೆ."

ಲಕ್ಷಾಂತರ ಜನರೆದುರು ತಡವರಿಸದ ನಾಲಿಗೆ ಒಬ್ಬಳೆದುರು ತೊದಲಿತು. "ತಪ್ಪಾಯ್ತು… ನೀವು ಮಾತು ಬಿಟ್ಟ ಮೇಲೆ… ನಂಗೆ ಏನೂ… ನೀವು ಬೇಕು…"

"ನನ್ನ ತೊದಲನ್ನ ಚೆನ್ನಾಗೇ ಕಲ್ತಿದೀರ," ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಈ ತೊದಲು ನಂದೇ. ಕ್ಷಮಿಸಿದ್ರಾ?"

"ಇಲ್ಲ." ಕುರ್ಚಿ ಎಳೆದುಕೊಂಡಳು. "ಕಾಫಿ ತರಿಸಿ."