ಬ್ಯಾಟ್ ಬಿಸಾಕಿ ಓಡಿದವನು

ನಾನು ಕುಡಿಯುವವನಲ್ಲ, ನನ್ನ ಜೊತೆ ಕುರಿ ಕಾಯುವ ದಾಸಣ್ಣ ಸುಳ್ಳು ಹೇಳುವವನಲ್ಲ.

ಚಳ್ಳಕೆರೆ ಸಂತೆಯಲ್ಲಿ ಕೊಂಡ ಹಳೇ ವಿಡಿಯೋ ಗೇಮ್ ಅದು, ಅಂಗೈಯಗಲದ್ದು. ಒಳಗೆ ಅಮೆರಿಕದ ಬೇಸ್‌ಬಾಲ್. ಆಟಗಾರರೆಲ್ಲ ಅಲ್ಲಿಯ ನಿಜವಾದವರೇ, ಹೆಸರು ಮುಖಗಳ ಸಮೇತ. ಒಬ್ಬನಿಗೆ ಮಾತ್ರ ಹೆಸರಿರಲಿಲ್ಲ.

ಮಟಮಟ ಮಧ್ಯಾಹ್ನ ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಅಂಚಿನಲ್ಲಿ ಕುರಿ ಬಿಟ್ಟು, ಜಾಲಿ ನೆರಳಲ್ಲಿ ಆಡುತ್ತಾ ಕೂತಿದ್ದೆ. ದಾಸಣ್ಣ ಇಣುಕಿ ನೋಡಿದ.

“ರನ್ನಿಗೆ ಓಡೋನು ಬ್ಯಾಟ್ ಯಾಕ್ಲೇ ಬಿಸಾಕ್ತಾನೆ?”

“ಈ ಆಟ ಹಂಗೇ ಐತಣ್ಣ.”

“ಅಲ್ಲ ಕಣಲೇ. ಇವ್ನು ಏನೋ ಕಂಡು ಓಡ್ತಿದಾನೆ.”

ಆಗ ಗಮನಿಸಿದೆ. ಆ ಹೆಸರಿಲ್ಲದವನು ಹಿಂದೆ ತಿರುಗಿ ತಿರುಗಿ ನೋಡುತ್ತಾ ಓಡುತ್ತಿದ್ದ. ಗೇಮಿನೊಳಗಿನ ಜನರ ಗದ್ದಲ ನಿಂತುಹೋಯಿತು. ಕಾವಲಿನ ಗಾಳಿಯೂ ನಿಂತಿತು. ಮೇಯುತ್ತಿದ್ದ ಕುರಿಗಳೆಲ್ಲ ತಲೆಯೆತ್ತಿ ನಮ್ಮ ಬೆನ್ನ ಹಿಂದೆ ನೋಡಿದವು. ಆ ಬಿಸಿಲಲ್ಲೂ ಕುತ್ತಿಗೆಗೆ ತಣ್ಣನೆಯ ಉಸಿರು ತಾಗಿತು. ಹೆಗಲಿಗೆ ಆನಿಸಿಕೊಂಡಿದ್ದ ಕೋಲು ಬಿಸಾಕಿ, ಗೇಮ್ ಹಿಡಿದೇ ಓಡಿದೆ. ದಾಸಣ್ಣ ಆಗಲೇ ನನಗಿಂತ ಮುಂದಿದ್ದ.

ಮರುದಿನ ಕೋಲು ಹುಡುಕಿಕೊಂಡು ಇಬ್ಬರೂ ಹೋದೆವು. ಕೋಲಿರಲಿಲ್ಲ. ಅದು ಬಿದ್ದ ಜಾಗದಲ್ಲಿ ಒನಕೆಯಂಥ ದುಂಡನೆಯ ಬ್ಯಾಟೊಂದು ಬಿದ್ದಿತ್ತು. ಮುಟ್ಟಿ ನೋಡಿದೆ. ಹಿಡಿ ಬೆವರಿನಿಂದ ಒದ್ದೆಯಾಗಿತ್ತು, ಇನ್ನೂ ಬೆಚ್ಚಗಿತ್ತು.