ಬಾಡದ ಕುದುರೆಯ ಹೊಟ್ಟೆಪಟ್ಟಿ

"ಕೊಲೆ ಆಗಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು," ಎನ್ನುತ್ತ ಕ್ಯಾಪ್ಟನ್ ಮಾಬ್ಲೇಶ್ವರ ಮಂಗಲಾ ಟೀಚರ ಹೊಲಿಗೆ ಮೇಜಿನ ಮೇಲೆ ಒಂದು ಚರ್ಮದ ಪಟ್ಟಿಯನ್ನು ಹಾಕಿದರು.

೧೯೮೧ರ ಜನವರಿ, ಒಂದು ಶುಕ್ರವಾರದ ಬೆಳಿಗ್ಗೆ. ಹೊನ್ನಾವರದ ಹೊಲಿಗೆ ತರಗತಿಗೆ ಹುಡುಗಿಯರು ಇನ್ನೂ ಬಂದಿರಲಿಲ್ಲ. ಲಾಂಚಿನ ಟಿಕೆಟ್ ಕೊಡುವ ನಾಗು ಮಾತ್ರ, ಅಂದು ರಜೆಯಾದ್ದರಿಂದ, ಕಿಟಕಿಯ ಬಳಿ ಕೂತು ಎರಡನೆಯ ಲೋಟ ಚಹಾ ಕುಡಿಯುತ್ತಿದ್ದ. ಕೊಲೆಯೆಂದ ಕೂಡಲೇ ಅವನ ಕಿವಿ ನೆಟ್ಟಗಾಯಿತು. ಊರಿನಲ್ಲಿ ಏನೇ ವಿಚಿತ್ರ ನಡೆದರೂ ಜನ ಪೊಲೀಸರಿಗಿಂತ ಮೊದಲು ಟೀಚರ ಬಳಿ ಬರುತ್ತಿದ್ದರು. ಹಾಗೆ ಬಂದವರಿಗೆ ನಾಗು ಕರೆಯದೆಯೇ ಸಿಗುತ್ತಿದ್ದ. ಪ್ರತಿ ಪ್ರಕರಣದಲ್ಲೂ ಅಪರಾಧಿಯನ್ನು ಎಲ್ಲರಿಗಿಂತ ಮೊದಲು ಹಿಡಿಯುವವನು ಅವನೇ. ಪ್ರತಿ ಸಲವೂ ನಿಜವಾದ ಅಪರಾಧಿ ಬೇರೆಯವನಾಗುತ್ತಿದ್ದದ್ದು ಅವನ ಹಣೆಬರಹ.

"ಮೊದಲಿಂದ ಹೇಳಿ," ಎಂದರು ಟೀಚರು.

ಸೈನ್ಯದಿಂದ ನಿವೃತ್ತರಾಗಿ ಕುಮಟೆಯಲ್ಲಿದ್ದ ಕ್ಯಾಪ್ಟನ್ನರ ಬಳಿ ಚಂಪಾ ಎಂಬ ಹೆಣ್ಣು ಕುದುರೆಯಿತ್ತು. ಅದನ್ನು ಈವೆಂಟಿಂಗ್ ಎಂಬ ಮೂರು ದಿನಗಳ ಸ್ಪರ್ಧೆಗೆ ತಯಾರು ಮಾಡಿದ್ದರು. ಮೊದಲ ದಿನ ಕುದುರೆ ಶಿಸ್ತಿನ ಹೆಜ್ಜೆ ಹಾಕಬೇಕು, ಎರಡನೆಯ ದಿನ ದಿಮ್ಮಿ, ಹಳ್ಳ, ನೀರು ಹಾರುತ್ತ ಮೈಲುಗಟ್ಟಲೆ ಓಡಬೇಕು, ಮೂರನೆಯ ದಿನ ಬೇಲಿ ಹಾರಬೇಕು. ಸವಾರ ಬಾಡ ಎಂಬ ಹಳ್ಳಿಯ ಮಾದೇವ, ಮೀನುಗಾರರ ಮನೆಯವನು, ಕ್ಯಾಪ್ಟನ್ನರ ಕೈಕೆಳಗೇ ಅಶ್ವದಳದಲ್ಲಿ ಪಳಗಿದವನು. ಹಿಂದಿನ ವರ್ಷ ನೀರಿನ ಹಾರಿಕೆಯಲ್ಲಿ ಇಬ್ಬರೂ ಉರುಳಿದ್ದರು. ಮಾದೇವನ ಮೂರು ಪಕ್ಕೆಲುಬು ಮುರಿದವು, ಚಂಪಾಳ ಮುಂಗಾಲು ಬಾತುಕೊಂಡಿತು. ಉಪ್ಪುನೀರಲ್ಲಿ ನಡೆಸಿದರೆ ಕಾಲು ಗುಣವಾಗುತ್ತದೆಂದು ಕುದುರೆಯನ್ನು ಬಾಡದ ಕಡಲತೀರಕ್ಕೆ ತಂದು ಕಟ್ಟಿದ್ದರು.

"ಕಾಲು ವಾಸಿಯಾಯಿತು. ಮುಂದಿನ ವರ್ಷದ ದಿಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಆಯ್ಕೆ ನಡೆಯುತ್ತದೆ. ಸೋಮವಾರ ಲಾರಿ ಬಂದು ಕುದುರೆಯನ್ನು ಪುಣೆಗೆ ಒಯ್ಯುತ್ತದೆ. ನಿನ್ನೆ ಮುಂಜಾನೆ ಮಾದೇವ ಹತ್ತಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಜೀನು ಕಟ್ಟುವ ಈ ಹೊಟ್ಟೆಪಟ್ಟಿ ಕಿತ್ತುಬಂತು. ಜೀನಿನ ಸಮೇತ ಮರಳಿಗೆ ಬಿದ್ದ. ಯಾರೋ ಹೊಲಿಗೆ ಕತ್ತರಿಸಿಟ್ಟಿದ್ದಾರೆ!"

"ಯಾರ ಮೇಲೆ ಸಂಶಯ?"

"ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆಯ ಯಜಮಾನ ದಾಸನ ಮೇಲೆ. ಒಣಹಾಕಿದ ಬಲೆಯನ್ನು ಚಂಪಾ ತುಳಿದಳೆಂದು ಬುಧವಾರ ಸಂಜೆ ಲಾಯಕ್ಕೆ ಬಂದು ಕೂಗಾಡಿ ಹೋದ. ಇವತ್ತು ಸಂಜೆಯೊಳಗೆ ಬೇರೆ ಯಾರೂ ಸಿಗದಿದ್ದರೆ ಅವನನ್ನು ಪೊಲೀಸರಿಗೆ ಕೊಡುತ್ತೇನೆ. ಹಗೆಯವರಿರುವಾಗ ಮಾದೇವನನ್ನಂತೂ ಮತ್ತೆ ಹತ್ತಿಸಲಾರೆ; ಅವನನ್ನು ಇಲ್ಲೇ ಬಿಟ್ಟು, ಲಾಯ ನೋಡಿಕೊಳ್ಳುವ ಹೊಳನಗದ್ದೆಯ ನಾಗಪತಿಯನ್ನು ಕುದುರೆಯ ಜೊತೆ ಕಳಿಸಬೇಕು. ನಾಗಪತಿ ಹತ್ತಿದರೆ ಚಂಪಾ ದಿಮ್ಮಿಯ ಹತ್ತಿರವೂ ಸುಳಿಯುವುದಿಲ್ಲ. ಅಲ್ಲಿಗೆ ಅವಳ ಹಾರಾಟ ಮುಗಿದಂತೆ."

ನಾಗುವಿನ ಮನಸ್ಸಿನಲ್ಲಿ ನಾಗಪತಿಗೆ ಆಗಲೇ ಬೇಡಿ ಬಿದ್ದಿತ್ತು. ಸವಾರ ಬಿದ್ದರೆ ಲಾಭ ಯಾರಿಗೆ? ಇಷ್ಟು ಸುಲಭದ್ದಕ್ಕೆ ಟೀಚರು ಪಟ್ಟಿಯನ್ನು ಕಣ್ಣಿಗೆ ಹಿಡಿದು ಯಾಕೆ ಕೂತಿದ್ದಾರೋ!

"ನಾಗು, ಈ ತುದಿಗಳನ್ನು ಮುಟ್ಟಿ ನೋಡು."

ನೀಲಿ ನೈಲಾನ್ ದಾರ. ಕತ್ತರಿಸಿದ ಪ್ರತಿ ತುದಿಯಲ್ಲೂ ಸಾಸಿವೆಯಷ್ಟು ಗಟ್ಟಿ ಮಣಿ. "ಇದು ಯಾವ ಬದಿಯದ್ದು ಕ್ಯಾಪ್ಟನ್ನರೇ?" ಎಂದು ಟೀಚರು ಕೇಳಿದರು.

"ಬಲಬದಿಯದು. ಕುದುರೆಗೆ ಜೀನು ಬಿಗಿಯುವುದು, ಹತ್ತುವುದು ಎಲ್ಲ ಎಡದಿಂದ. ಬಲಬದಿಯನ್ನು ಯಾರೂ ದಿನಾ ನೋಡುವುದಿಲ್ಲ."

"ಕತ್ತರಿಸದೆ ಉಳಿದದ್ದು ಎಷ್ಟು ಹೊಲಿಗೆ?"

"ಎರಡು."

"ಎರಡೇ," ಎಂದು ಟೀಚರು ತಮಗೇ ಹೇಳಿಕೊಂಡರು.

ಮಧ್ಯಾಹ್ನ ಕ್ಯಾಪ್ಟನ್ನರ ಜೀಪು ಬಾಡ ಮುಟ್ಟಿತು. ಗಾಳಿಮರಗಳ ನೆರಳಿನಲ್ಲಿ ಲಾಯ, ಎದುರಿಗೆ ಮರಳು. ಅಲ್ಲಲ್ಲಿ ತೆಂಗಿನ ದಿಮ್ಮಿ, ಅಗೆದ ಹಳ್ಳ. ಕೊನೆಯ ದಿಮ್ಮಿಯ ಆಚೆ ಮೊಣಕಾಲುದ್ದ ಸಮುದ್ರದ ನೀರು. ಮಾದೇವ ಸಣಕಲು ಮೈಯ ಮನುಷ್ಯ, ಮಾತು ಕಡಿಮೆ. ಚಂಪಾ ಅವನ ಹೆಗಲಿಗೆ ಮೂತಿ ಒರೆಸುತ್ತ ನಿಂತಿತ್ತು. ನಾಗಪತಿ ಹುಲ್ಲು ತಂದಾಗ ಕಿವಿ ಹಿಂದಕ್ಕೆ ಮಾಡಿತು.

"ನಾನು ಕುದುರೆ ನೋಡಿದ್ದು ಮದುವೆ ಮೆರವಣಿಗೆಲಿ ಮಾತ್ರ," ಎಂದರು ಟೀಚರು. "ಒಮ್ಮೆ ಹಾರ್ಸಿ ತೋರ್ಸು, ಮಾದೇವ."

ಹೊಸ ಪಟ್ಟಿ ಬಿಗಿದು ಮಾದೇವ ಹತ್ತಿದ. ಕುದುರೆ ಸಲೀಸಾಗಿ ಓಡಿಬಂತು, ದಿಮ್ಮಿಗೆ ಮೂರು ಹೆಜ್ಜೆ ಇರುವಾಗ ತಲೆ ಮೇಲಕ್ಕೆಸೆದು ನಿಂತುಬಿಟ್ಟಿತು. ಎರಡನೆಯ ಸಲವೂ ಅದೇ ಕಥೆ.

"ನೋಡಿ, ಅವಳಿಗೆ ಇವನ ಮೇಲಿದ್ದ ನಂಬಿಕೆ ಹೋಗಿದೆ. ನಿನ್ನೆ ಬಿದ್ದದ್ದರ ಪರಿಣಾಮ," ಎಂದು ಕ್ಯಾಪ್ಟನ್ ನಿಟ್ಟುಸಿರು ಬಿಟ್ಟರು.

"ಇಳ್ದು, ಲಗಾಮು ಬಿಟ್ಟು, ಪಕ್ಕದಲ್ಲಿ ಬರೀ ಓಡು," ಎಂದರು ಟೀಚರು.

ಮಾದೇವ ಓಡಿದ. ಚಂಪಾ ಅವನನ್ನು ದಾಟಿ ಹೋಗಿ ದಿಮ್ಮಿಯನ್ನು ಹೂ ಎತ್ತಿದಷ್ಟು ಹಗುರವಾಗಿ ಹಾರಿತು, ತಿರುಗಿ ಬಂದು ಅವನ ಹೆಗಲಿಗೆ ಮೂತಿಯಿಟ್ಟಿತು. ನಾಗು ಚಪ್ಪಾಳೆ ತಟ್ಟಿದ. ಟೀಚರು ಮಾತ್ರ ಮಾದೇವನ ಅಂಗೈ ನೋಡುತ್ತಿದ್ದರು. ಲಗಾಮು ಉಜ್ಜಿ ಎರಡೂ ಕೈ ಕೆಂಪಾಗಿದ್ದವು.

ಆಮೇಲೆ ಅವರು ಮೀನಿನ ಬುಟ್ಟಿ ತೊಳೆಯುತ್ತಿದ್ದ ಮಾದೇವನ ಹೆಂಡತಿ ಕಮಲಿಯ ಬಳಿ ಕೂತರು.

"ಗಂಡ ಸಮಾ ಉಣ್ತಾನ?"

"ಎಲ್ಲಿ ಟೀಚರೆ! ಲಾರಿ ಬತ್ತದೆ ಅಂದಾಗಿಂದ ಅರ್ಧ ಗಂಜಿ ಬಟ್ಲಲ್ಲೇ. ಎಂತಾತು ಕೇಳಿರೆ, ಎಂತದೂ ಇಲ್ಲ ಅಂತ್ರು."

ನಾಲ್ಕು ಗಂಟೆಗೆ ಎಲ್ಲರನ್ನೂ ಲಾಯದ ಮುಂದೆ ಕೂಡಿಸಿದರು. ದಾಸ ಬೀಡಿ ಸೇದುತ್ತ ಬಂದು, "ಪೊಲೀಸ್ ಕರೀತ್ರೆ ಕರೀಲಿ. ನಂಗೆ ಎಂತ ಹೆದ್ರಿಕೆ?" ಎಂದು ಕೂತ. ಟೀಚರು ಒಂದು ಸ್ಟೂಲಿನ ಮೇಲೆ ಚೂರಿ, ನೀಲಿ ನೈಲಾನ್ ಹುರಿಯ ಉಂಡೆ ಇಟ್ಟಿದ್ದರು. ಸೊಳ್ಳೆಗೆಂದು ಊದುಬತ್ತಿಯೂ ಉರಿಯುತ್ತಿತ್ತು.

"ಮೊದ್ಲು ನಂದೊಂದು ಕೆಲ್ಸ. ಒಣ ಸಿಗಡಿ ಕಟ್ಟಿಕೊಂಡು ಹೋಗ್ಬೇಕು. ಒಬ್ಬೊಬ್ಬರು ಒಂದೊಂದು ಮಾರು ಹುರಿ ಕಡ್ದು ಕೊಡಿ."

ಪ್ರಕರಣ ಬಿಟ್ಟು ಸಿಗಡಿಗೆ ಬಿದ್ದರಲ್ಲ ಎಂದು ನಾಗು ನಾಚಿಕೆಯಿಂದ ಕುಗ್ಗಿಹೋದ. ನಾಗಪತಿ ಸರಕ್ಕನೆ ಕತ್ತರಿಸಿ ಕೊಟ್ಟ. ದಾಸ ಕತ್ತರಿಸಿ, ಎರಡೂ ತುದಿ ಬೀಡಿಗೆ ಮುಟ್ಟಿಸಿ, ಉಗುರಲ್ಲಿ ಒತ್ತಿ ಕೊಟ್ಟ. ಮಾದೇವ ಕತ್ತರಿಸಿ, ನೋಟ ಬೇರೆಲ್ಲೋ ಇಟ್ಟುಕೊಂಡೇ ತುದಿಗಳನ್ನು ಊದುಬತ್ತಿಗೆ ಮುಟ್ಟಿಸಿ ಒತ್ತಿದ.

ಟೀಚರು ಮೂರು ತುಂಡುಗಳನ್ನೂ ಆ ಚರ್ಮದ ಪಟ್ಟಿಯ ಪಕ್ಕ ಇಟ್ಟರು.

"ನೈಲಾನ್ ಕಡ್ದು ಹಾಗೇ ಬಿಟ್ರೆ ಎಳೆ ಬಿಚ್ಚಿ ಬಲೆ ಹಾಳಾಗ್ತದೆ. ಅದಕ್ಕೆ ಬಲೆ ಕೆಲಸದವರು ತುದಿ ಸುಡ್ತಾರೆ. ಚಿಕ್ಕಂದಿನಲ್ಲಿ ಬೈಸಿಕೊಂಡು ಕಲಿತದ್ದು, ಕೈಗೆ ಮರೆಯೋದಿಲ್ಲ. ಹೊಟ್ಟೆಪಟ್ಟಿ ಕಡಿದವನು ಹಾಳು ಮಾಡಲಿಕ್ಕೇ ಕಡಿದ, ಆದರೂ ಕೈ ಸುಮ್ಮನಿರಲಿಲ್ಲ, ತುದಿ ಸುಟ್ಟಿತು. ಹೊಳನಗದ್ದೆಯಲ್ಲಿ ಗದ್ದೆ ಮಾಡುವ ನಾಗಪತಿಗೆ ಆ ಅಭ್ಯಾಸ ಇಲ್ಲ."

"ಹಾಗಾದರೆ ದಾಸನೇ!" ನಾಗು ಪಕ್ಷ ಬದಲಿಸಲು ತಡಮಾಡಲಿಲ್ಲ.

"ದಾಸನಿಗೆ ಬಲೆ ಗೊತ್ತು, ಜೀನು ಗೊತ್ತಿಲ್ಲ. ಯಾರೂ ನೋಡದ ಬಲಬದಿಯನ್ನೇ ಆರಿಸಬೇಕಾದ್ರೆ ದಿನಾ ಜೀನು ಕಟ್ಟುವವನೇ ಆಗ್ಬೇಕು. ಇನ್ನೊಂದು, ಕೊಲ್ಲಬೇಕು ಅಂತಿದ್ದವನು ಅರ್ಧ ಹೊಲಿಗೆ ಉಳಿಸ್ತಿದ್ದ. ಹಾರುವಾಗ, ಎತ್ತರದಲ್ಲಿ ಕಿತ್ತುಬರ್ತಿತ್ತು. ಉಳಿಸಿದ್ದು ಎರಡೇ, ಮೆತ್ತನೆ ಮರಳಿನಲ್ಲಿ ಹತ್ತು ಹೆಜ್ಜೆಗೆ ಬೀಳಲಿ ಅಂತ. ಯಾರಿಗೂ ಪೆಟ್ಟಾಗಬಾರದು, ಸವಾರಿ ಮಾತ್ರ ನಿಲ್ಲಬೇಕು. ಜೀನೂ ಬಲೆಯೂ ಎರಡೂ ಬಲ್ಲವನು ಇಲ್ಲಿ ಒಬ್ಬನೇ."

ಎಲ್ಲರೂ ಮಾದೇವನತ್ತ ತಿರುಗಿದರು. ಕ್ಯಾಪ್ಟನ್ನರ ಮುಖ ಕಪ್ಪಿಟ್ಟಿತು. "ನೀನು? ನಿನ್ನ ಪಟ್ಟಿ ನೀನೇ?"

"ಹೌದು ಸಾಹೇಬ್ರೆ." ಮಾದೇವ ನೆಲ ನೋಡುತ್ತ ಹೇಳಿದ. "ದಿಮ್ಮಿ ಹತ್ರ ಬಂದ ಕೂಡ್ಲೆ ಆ ನೀರೇ ಕಾಣ್ತದೆ. ಉಸ್ರು ಕಟ್ತದೆ, ಕೈ ತನ್ನಷ್ಟಕ್ಕೆ ಲಗಾಮು ಎಳೀತದೆ. ಹೆದ್ರಿಕೆ ಅಂತ ಹ್ಯಾಂಗೆ ಹೇಳುದು? ಊರೆಲ್ಲ ನನ್ನ ದಿಲ್ಲಿಗೆ ಕಳ್ಸಿ ಕೂತದೆ. ಯಾರೋ ಹಗೆ ಮಾಡ್ದ ಅಂತಾದ್ರೆ ಮರ್ಯಾದೆ ಒಳೀತದೆ ಅಂತ... ದಾಸಣ್ಣನ ಮೇಲೆ ಬತ್ತದೆ ಅಂತ ಎಣ್ಸಿರ್ಲಿಲ್ಲ. ತಪ್ಪಾತು."

ದಾಸ ಬೀಡಿಯನ್ನು ಮರಳಿಗೆ ಒತ್ತಿದ. "ಮಳ್ಳು! ಕಡ್ಲಿಗೆ ಹೆದ್ರದವ ಒಬ್ಬನಾದ್ರೂ ಇದ್ನನಾ ಈ ಕೇರೀಲಿ? ಹೆದ್ರಿಕಂಡೇ ದೋಣಿ ದೂಡುದು."

"ಕುದುರೆಗೆ ನಿನ್ನ ಮೇಲಿನ ನಂಬಿಕೆ ಹೋಗಲಿಲ್ಲ ಮಾದೇವ," ಎಂದರು ಟೀಚರು. "ನಿಂಗೆ ಅದರ ಮೇಲಿನ ನಂಬಿಕೆ ಹೋಯ್ತು. ಅದು ಹಾರ್ತೇನೆ ಅಂತ ಬಂತು, ನೀನು ಬೇಡ ಅಂತ ಎಳೆದೆ. ಅದು ನಿನ್ನ ಮಾತು ಕೇಳಿ ನಿಂತಿತು."

ಅಪರಾಧಿ ಸಿಕ್ಕಾಗ ಇಷ್ಟು ಬೇಸರವಾದದ್ದು ನಾಗುವಿಗೆ ಇದೇ ಮೊದಲು. ಮಾದೇವ ಎದ್ದು ಕುದುರೆಯ ಬಳಿ ಹೋದ. ಲಗಾಮನ್ನು ಅದರ ಕುತ್ತಿಗೆಯ ಮೇಲೆ ಗಂಟು ಹಾಕಿ ಬಿಟ್ಟು, ಜೂಲು ಹಿಡಿದು ಹತ್ತಿದ.

"ಬೇಡ!" ಎಂದು ಕ್ಯಾಪ್ಟನ್ ಎದ್ದು ನಿಂತರು. ಟೀಚರು ಅವರ ತೋಳು ಹಿಡಿದರು.

ಚಂಪಾ ನೀರಿನ ದಿಮ್ಮಿಯತ್ತ ಓಡಿತು. ಈ ಸಲ ಎಳೆಯುವ ಕೈ ಇರಲಿಲ್ಲ. ಮೂರು ಹೆಜ್ಜೆ, ಎರಡು, ಒಂದು, ಕುದುರೆ ಮೈಯೆತ್ತಿ ದಿಮ್ಮಿ ದಾಟಿ ನೀರಿಗಿಳಿಯಿತು. ನೀರು ಆಳೆತ್ತರ ಚಿಮ್ಮಿತು. ಆ ಕುಲುಕಿಗೆ ಮಾದೇವ ಜೀನು ತಪ್ಪಿ ದೊಪ್ಪನೆ ಬಿದ್ದು ನೀರಿನಲ್ಲಿ ಮುಳುಗಿದ.

ನಾಗು ಕಣ್ಣು ಮುಚ್ಚಿಕೊಂಡ. ತೆರೆದಾಗ ಮಾದೇವ ಸೊಂಟದವರೆಗೆ ನೀರಿನಲ್ಲಿ ಕೂತು ಉಪ್ಪುನೀರು ಉಗುಳುತ್ತಿದ್ದ. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ ಚಂಪಾ ತಿರುಗಿ ಬಂದು, ಎಡಮೈಯನ್ನು ಅವನಿಗೆ ಕೊಟ್ಟು ನಿಂತಿತ್ತು. ಅವನು ತನ್ನ ಕೈಕಾಲು ಮುಟ್ಟಿ ಮುಟ್ಟಿ ನೋಡಿಕೊಂಡ.

ಕಮಲಿ ಸೀರೆಯ ನೆರಿಗೆ ಎತ್ತಿ ಕಟ್ಟಿ ನೀರಿಗೇ ಇಳಿದಿದ್ದಳು. ಎಬ್ಬಿಸಲಿಕ್ಕೆ ಹೋದಳೆಂದು ನಾಗು ತಿಳಿದ. ಅವಳು ಗಂಡನ ಎದುರು ನಿಂತು, ಅಳುವೋ ಸಿಟ್ಟೋ ತಿಳಿಯದ ದನಿಯಲ್ಲಿ ಕೂಗಿದಳು:

"ಬಿದ್ದಾತಲ್ಲ? ಜೀವ ಇದ್ದಲ್ಲ? ಇನ್ನೆಂತ ಹೆದ್ರಿಕೆ? ಹತ್ತು!"

ಮಾದೇವ ಹತ್ತಿದ.